ಹತ್ತಿ ತುರುಕಿದ ಬೀರು

ನಮ್ಮ ಮನೆಯ ಪಡಸಾಲೆಗೆ ಕಾಲಿಡುವ ಮೊದಲು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳಬೇಕಿತ್ತು. ಎಡಗೈ ಬಲಗಡೆ, ಬಲಗೈ ಎಡಗಡೆ. ಹಾಗೆ ತೋಳು ಕಟ್ಟಿಕೊಂಡು ಒಳಗೆ ಹೋದರೆ ಯಾವ ಮರಕ್ಕೂ ಯಾವ ಗೋಡೆಗೂ ಬೆರಳು ತಗಲುವುದಿಲ್ಲ ಎಂಬುದು ಅಜ್ಜಿಯ ಲೆಕ್ಕ. ನಾನು ಮಾತು ಕಲಿಯುವ ಮೊದಲೇ ಇದನ್ನು ಕಲಿತೆನಂತೆ. ಹಾಗೆ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಇವತ್ತಿಗೂ ಹೊಸಬರ ಮನೆಯ ಹೊಸ್ತಿಲು ದಾಟುವಾಗ ನನ್ನ ಕೈಗಳು ತಾವಾಗಿಯೇ ಮೇಲೇರುತ್ತವೆ. ಕೈಗಳನ್ನು ನಂಬಲೇಬೇಕಾಗುತ್ತದೆ.

ಬರೆಯಬೇಕೆಂದಿರುವುದು ಒಂದು ಮಧ್ಯಾಹ್ನದ ಸಂಗತಿ. ಆ ಮಧ್ಯಾಹ್ನ ನನ್ನ ಜೀವ ಹೋಗುವುದರಲ್ಲಿತ್ತು. ಅದನ್ನು ಸಿರುಗುಪ್ಪದಲ್ಲಿ ನನ್ನ ಸೋದರತ್ತೆ ಒಂದು ರೀತಿ ಹೇಳುತ್ತಾಳೆ. ಕುರುಗೋಡಿನಲ್ಲಿ ನನ್ನ ಅಪ್ಪ ಇನ್ನೊಂದು ರೀತಿ ಹೇಳುತ್ತಿದ್ದ. ಎರಡು ಕಥೆಗಳೂ ಹುಣಸೆಹಣ್ಣು ಹಾಕಿ ತಿಕ್ಕಿಟ್ಟ ತಂಬಿಗೆಯ ಹಾಗೆ ಹೊಳೆಯುತ್ತವೆ. ಹೇಳುವ ಇಬ್ಬರೂ ಅಲ್ಲಿರಲಿಲ್ಲ. ನಾನು ಅಲ್ಲಿದ್ದೆ, ಆದರೆ ಕತ್ತಲೆಯಲ್ಲಿದ್ದೆ, ಮೈತುಂಬ ಜ್ವರವಿತ್ತು. ಹಾಗಾಗಿ ನನ್ನದೂ ಸರಿಯಾದ ಸಾಕ್ಷಿ ಅಲ್ಲ. ಇದನ್ನು ಹಿಂದೆಯೂ ಬರೆದು ಹರಿದಿದ್ದೇನೆ. ಬರೆದಾಗಲೆಲ್ಲ ಒಬ್ಬರು ಒಳ್ಳೆಯವರಾಗಿಬಿಡುತ್ತಾರೆ, ಇನ್ನೊಬ್ಬರು ಕೆಟ್ಟವರಾಗಿಬಿಡುತ್ತಾರೆ. ಈ ಸಲ ಹಾಗಾಗದಂತೆ ನೋಡಿಕೊಳ್ಳಬೇಕು.

ಮೊದಲು ಮನೆ. ಬಳ್ಳಾರಿಯಲ್ಲಿ ಆಗ ಗೋರಾ ಪಲ್ಟಣದ, ಅಂದರೆ ಬಿಳಿ ಸಿಪಾಯಿಗಳ, ದಂಡು ಇತ್ತು. ಅಜ್ಜ ಆ ದಂಡಿನ ಕುದುರೆಗಳಿಗೆ ಹುಲ್ಲು ಒದಗಿಸುತ್ತಿದ್ದ. ಕುರುಗೋಡಿನ ಹೊಲದ ಮನುಷ್ಯ. ಹೊಲವನ್ನು ಮಗನಿಗೆ, ಅಂದರೆ ನನ್ನ ಅಪ್ಪನಿಗೆ, ಬಿಟ್ಟು ಪಟ್ಟಣ ಸೇರಿದ್ದ. ನನ್ನ ತಾಯಿ ನನ್ನನ್ನು ಹೆತ್ತು ತೀರಿಕೊಂಡಿದ್ದರಿಂದ ನಾನು ಬಳ್ಳಾರಿಯಲ್ಲಿ ಅಜ್ಜ ಅಜ್ಜಿಯ ಹತ್ತಿರವೇ ಬೆಳೆದೆ. ನಾನು ಹುಟ್ಟುವುದಕ್ಕೂ ಮೊದಲು ಒಬ್ಬ ದೊರೆ ಊರು ಬಿಡುವಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿದನಂತೆ. ಅಜ್ಜ ಎರಡು ಕುರ್ಚಿ, ಒಂದು ದುಂಡು ಮೇಜು, ಒಂದು ಕನ್ನಡಿ ಬೀರು ಹಿಡಿದು ಬಂಡಿಯಲ್ಲಿ ಹೇರಿಕೊಂಡು ಬಂದ. ಬೀರುವಿನ ಬಾಗಿಲೇ ಆಳೆತ್ತರದ ಕನ್ನಡಿ. ನಮ್ಮ ಓಣಿಯಲ್ಲಿ ಯಾರೂ ಅಷ್ಟು ದೊಡ್ಡ ಕನ್ನಡಿ ಕಂಡಿರಲಿಲ್ಲ.

ಆ ಕುರ್ಚಿಗಳ ಮೇಲೆ ಯಾರಾದರೂ ಕೂತದ್ದನ್ನು ನಾನು ನೋಡಿಲ್ಲ. ಬಂದವರಿಗೆ ಅಜ್ಜ ಕುರ್ಚಿ ತೋರಿಸುತ್ತಿದ್ದ, ಆಮೇಲೆ ಅದರ ಪಕ್ಕದಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದ. ಕುರ್ಚಿಗಳಿಗೆ ತನ್ನ ಹಳೆಯ ಧೋತರ ಸುತ್ತಿದ್ದ. ಧೋತರ ಕೊಳೆಯಾಗಬಾರದೆಂದು ಅದರ ಮೇಲೆ ಅಜ್ಜಿ ಇನ್ನೊಂದು ಬಟ್ಟೆ ಹೊದಿಸಿದ್ದಳು. ಎರಡು ಬಟ್ಟೆಯ ಕೆಳಗೆ ಕುರ್ಚಿಯ ಬಣ್ಣ ಏನಿತ್ತು ಎಂದು ಕೇಳಿದರೆ ನಾನು ಹೇಳಲಾರೆ. ಮೇಜಿನ ಕಾಲುಗಳು, ಬೀರುವಿನ ಕಾಲುಗಳು ಕಲ್ಲಿನ ಬಟ್ಟಲುಗಳಲ್ಲಿ ನಿಂತಿದ್ದವು. ಬಟ್ಟಲಲ್ಲಿ ನೀರು, ನೀರಿನ ಮೇಲೆ ಬೇವಿನೆಣ್ಣೆ. ಇರುವೆ ಗೆದ್ದಲು ಏರಬಾರದು. ನೀರಿಗೆ ಕಾಲು ಕೊಳೆಯಬಾರದೆಂದು ಕಾಲಿಗೆ ಜೇನುಮೇಣ. ಸೋಮವಾರ ಮುಂಜಾನೆ ಅಜ್ಜ ಸ್ನಾನಕ್ಕೂ ಮೊದಲು ಅಗಸೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಮರ ಒರೆಸುತ್ತಿದ್ದ. ಆಗ ಯಾರಾದರೂ ಮಾತಾಡಿಸಿದರೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಉಸಿರು ಬಿದ್ದು ಹೊಳಪು ಮಂಕಾಗುತ್ತದಂತೆ.

ಅಜ್ಜಿಯ ಪಾಲಿನದು ನೆಲ ಮತ್ತು ಗೋಡೆ. ಪಡಸಾಲೆಗೆ ಸುಣ್ಣದ ಗಾರೆ ಹಾಕಿಸಿ, ನುಣುಪುಗಲ್ಲಿನಿಂದ ತಿಕ್ಕಿಸಿ, ಕೈಯಾಡಿಸಿದರೆ ಹಾಲಿನ ಕೆನೆಯ ಹಾಗಿರುವಂತೆ ಮಾಡಿಸಿದ್ದಳು. ಅದರ ಮೇಲೆ ಕಾಲಿಡಬಾರದು. ದಂಡಿನಿಂದ ಬಂದ ಪೆಟ್ಟಿಗೆಗಳನ್ನು ಒಡೆಸಿ ಹಲಗೆ ಮಾಡಿಸಿ, ಬಾಗಿಲಿನಿಂದ ಅಡುಗೆಮನೆವರೆಗೆ, ಅಲ್ಲಿಂದ ಹಿತ್ತಲವರೆಗೆ ಹಾಸಿದ್ದಳು. ಎಲ್ಲರೂ ಹಲಗೆಯ ಮೇಲೆಯೇ ನಡೆಯಬೇಕು. ಕಂಕುಳಲ್ಲಿ ಕೈ, ಕಾಲ ಕೆಳಗೆ ಒಂದಡಿಯ ಹಲಗೆ. ಸಿರುಗುಪ್ಪದ ಅತ್ತೆಯ ಗಂಡ ಬಂದಾಗಲೆಲ್ಲ ತೂಗಾಡುತ್ತ ದಾಟುತ್ತಿದ್ದ.

"ಅತ್ತಿ, ನಮ್ಮೂರ ಹೊಳ್ಯಾಗ ಹರಿಗೋಲು ಹತ್ತೂದು ಇದಕ್ಕಿಂತ ಸಲೀಸು ಐತ್ರಿ."

"ಹರಿಗೋಲದಾಗ ಬಿದ್ರ ನೀವು ಒಬ್ರ ಹಾಳಾಗ್ತೀರಿ. ಇಲ್ಲಿ ಬಿದ್ರ ನನ್ನ ನೆಲ ಹಾಳಾಗ್ತೈತಿ" ಎಂದಳು ಅಜ್ಜಿ. ಅಳಿಯ ನಕ್ಕ. ಅಜ್ಜಿ ನಗಲಿಲ್ಲ.

ಗೋಡೆಗೆ ಸುಣ್ಣ. ಹಿತ್ತಲಲ್ಲಿ ಸದಾ ಒಂದು ಗಡಿಗೆಯಲ್ಲಿ ಸುಣ್ಣ ನೆನೆಯುತ್ತಿತ್ತು. ಗೋಡೆಯ ಮೇಲೆ ಬೆರಳಿನ ಗುರುತು ಕಂಡರೆ ನಾರಿನ ಕುಂಚ ಅದ್ದಿ ಅಷ್ಟಕ್ಕೇ ಹಚ್ಚುತ್ತಿದ್ದಳು. ಹಚ್ಚಿದ ಕಡೆ ಬೆಳ್ಳಗೆ ತೇಪೆ ಕಾಣುತ್ತಿತ್ತು, ತೇಪೆ ಕಂಡರೆ ಅಜ್ಜ ಗೊಣಗುತ್ತಿದ್ದ, ಆಗ ಪೂರಾ ಗೋಡೆಗೆ ಹೊಡೆಯುತ್ತಿದ್ದಳು. ನಮ್ಮ ಮನೆಗೆ ಯಾವಾಗಲೂ ಹಸಿ ಸುಣ್ಣದ ವಾಸನೆ. ನನಗೆ ಅದೇ ಮನೆಯ ವಾಸನೆ. ಬೇರೆ ಮನೆಗಳಲ್ಲಿ ಅದಿಲ್ಲದಿದ್ದರೆ ಏನೋ ತಪ್ಪಿದೆ ಅನ್ನಿಸುತ್ತಿತ್ತು.

ಇನ್ನು ಬೀರು. ಬೇಸಿಗೆಯಲ್ಲಿ ಕೋಟೆಗುಡ್ಡದ ಕಡೆಯಿಂದ ಗಾಳಿ ಎದ್ದರೆ ಬಳ್ಳಾರಿಯ ಧೂಳು ಅನ್ನದ ಗಂಗಾಳದಲ್ಲೂ ಕೂರುತ್ತದೆ. ಅದು ಬೀರುವಿನೊಳಗೆ ಹೋಗಬಾರದು. ಅಜ್ಜಿ ಕುರುಗೋಡಿನ ನಮ್ಮ ಹೊಲದ ಹತ್ತಿಯನ್ನು ತೆಳ್ಳಗೆ ಹೊಸೆದು, ಹುಣಸೆಬೀಜದ ಅಂಟು ಕಾಯಿಸಿ, ಬಾಗಿಲಿನ ಸುತ್ತಲೂ ಅಂಟಿಸಿದ್ದಳು. ಹಿಂದಿನ ಹಲಗೆಗಳ ಸಂದಿಗೂ ಹತ್ತಿ ತುರುಕಿದ್ದಳು. ಕೀಲಿಯ ಕಿಂಡಿಗೆ ಮೇಣದ ಗುಳಿಗೆ. ದೀಪಾವಳಿಗೆ ಒಳಗೊಂದು ಬಿಳಿ ವಸ್ತ್ರ ಮಡಚಿಟ್ಟು ಮರುವರ್ಷ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಲೆಯಿಲ್ಲದಿದ್ದರೆ ಆ ದಿನ ಅವಳು ಚೆನ್ನಾಗಿ ಉಣ್ಣುತ್ತಿದ್ದಳು. ಬೀಗದ ಕೈ ಅಜ್ಜನ ಉಡಿದಾರದಲ್ಲಿ.

"ಇದರಾಗ ಗಾಳಿ ಸೈತ ಹೊಕ್ಕೂದಿಲ್ಲ" ಎಂದು ಅಜ್ಜ ಬಂದವರ ಮುಂದೆ ಹೇಳುತ್ತಿದ್ದ.

ನಾನಿನ್ನೂ ಲಂಗ ತೊಡುವ ಚಿಕ್ಕ ಹುಡುಗಿ, ಆ ವರ್ಷ ಬೇನೆ ಬಂತು. ಮುಂಬಯಿಯ ಕಡೆಯಿಂದ ರೈಲಿನಲ್ಲಿ ಬಂತು ಎಂದರು. ಮೊದಲು ಇಲಿ ಬೀಳುತ್ತವೆ, ಆಮೇಲೆ ಮನುಷ್ಯರಿಗೆ ಜ್ವರ, ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಡ್ಡೆ, ಆಮೇಲೆ ಮುಗಿಯಿತು. ಜನ ಅದರ ಹೆಸರು ಹೇಳುತ್ತಿರಲಿಲ್ಲ. ಗಡ್ಡೆಯ ಬೇನೆ ಎನ್ನುತ್ತಿದ್ದರು. ಸರಕಾರದವರು ಮನೆ ಮನೆ ಹೊಕ್ಕು ನೋಡತೊಡಗಿದರು. ಜ್ವರ ಇದ್ದವರನ್ನು ಊರಾಚೆಯ ಬಯಲಿನಲ್ಲಿ ತಡಿಕೆ ಕಟ್ಟಿದ ಚಪ್ಪರಗಳಿಗೆ ಒಯ್ಯುತ್ತಿದ್ದರು. ಅಲ್ಲಿ ಸೇರಿದವರು ಹೇಗಿದ್ದಾರೆ ಎಂದು ನೋಡಲು ಹೋದವರನ್ನೂ ಅಲ್ಲೇ ಇರಿಸಿಕೊಳ್ಳುತ್ತಾರೆ ಎಂಬ ಮಾತಿತ್ತು. ನಮ್ಮ ಎದುರುಮನೆಯ ಸೊಸೆಯನ್ನು ಒಯ್ದರು. ಅವಳ ಮಂಚ, ಹಾಸಿಗೆ, ತೊಟ್ಟಿಲನ್ನು ಓಣಿಯಲ್ಲಿ ರಾಶಿ ಹಾಕಿ ಸುಟ್ಟರು. ಅವಳು ತಿರುಗಿ ಬರಲಿಲ್ಲ. ಆ ಬೆಂಕಿಯನ್ನು ಅಜ್ಜ ನಮ್ಮ ಬಾಗಿಲಲ್ಲಿ ನಿಂತು ನೋಡಿದ, ಆಮೇಲೆ ಒಳಗೆ ಬಂದು ಬೀರುವಿನ ಮುಂದೆ ನಿಂತ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅಂಥ ಮುಖವನ್ನು ನಾನು ಅವನಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಸುಡುವುದರಲ್ಲಿ ಅವನಿಗೆ ಕಂಡದ್ದು ಆ ಸೊಸೆಯೋ, ಮಂಚವೋ? ಆಗಲೂ ಗೊತ್ತಾಗಲಿಲ್ಲ, ಈಗಲೂ ಇಲ್ಲ.

ಮನೆಯಲ್ಲೇ ಸತ್ತವರನ್ನು ಕೆಲವರು ಯಾರಿಗೂ ಹೇಳದೆ ನೆಲದಲ್ಲೇ ಹೂಳಿ, ಮೇಲೆ ಸಾರಿಸಿ, ಗೋಡೆಗೆ ಸುಣ್ಣ ಹೊಡೆದು ಕೂರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಇದನ್ನು ಅಜ್ಜನೂ ಕೇಳಿದ್ದ, ಅಜ್ಜಿಯೂ ಕೇಳಿದ್ದಳು. ಆದರೂ ಅಜ್ಜಿ ಸುಣ್ಣ ಹೊಡೆಯುವುದನ್ನು ನಿಲ್ಲಿಸಲಿಲ್ಲ, ಹೆಚ್ಚು ಮಾಡಿದಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು. ಬೇನೆ ಕೊಳೆಯಿಂದ ಬರುತ್ತದೆ ಎಂದು ಸರಕಾರವೇ ಡಂಗುರ ಹೊಡೆಸಿತ್ತಲ್ಲ. ತನ್ನ ಮನೆಯನ್ನು ಅದು ಹೇಗೆ ಹೊಕ್ಕೀತು ಎಂದುಕೊಂಡಿದ್ದಳು.

ಹೊಕ್ಕಿತು ಎಂದೇ ಎಲ್ಲರೂ ತಿಳಿದರು. ನನ್ನ ಕಾಲಿಗೆ ಹಲಗೆಯ ಸಿಬಿರು ಚುಚ್ಚಿತ್ತು. ನಾನು ಹೇಳಿರಲಿಲ್ಲ, ಹೇಳಿದರೆ ಹಲಗೆಯ ಮೇಲೆ ಕಾಲೆಳೆದೆ ಎಂದು ಬೈಗುಳ. ಅಂಗಾಲು ಕೆಂಪಾಯಿತು, ಆಮೇಲೆ ಜ್ವರ ಬಂತು. ಒಂದು ಮುಂಜಾನೆ ಅಜ್ಜಿ ಮೈ ತೊಳೆಸುವಾಗ ಅವಳ ಕೈ ನನ್ನ ತೊಡೆಯ ಸಂದಿಯಲ್ಲಿ ನಿಂತಿತು. ಅಡಿಕೆಯಷ್ಟು ಗಡ್ಡೆ. ಅವಳು ಮತ್ತೊಮ್ಮೆ ಒತ್ತಿ ನೋಡಿದಳು. ಚೆಂಬು ಕೈಬಿಟ್ಟು ಉರುಳಿತು. ಅದನ್ನು ಅವಳು ಎತ್ತಿಡಲಿಲ್ಲ. ಬಿದ್ದದ್ದನ್ನು ಅಜ್ಜಿ ಎತ್ತಿಡದೇ ಇದ್ದದ್ದನ್ನು ಕಂಡೇ ನನಗೆ ಹೆದರಿಕೆ ಹುಟ್ಟಿತು.

ಸುಟ್ಟ ಉಳ್ಳಾಗಡ್ಡಿ ಅರಿಶಿಣದ ಪಟ್ಟಿ ಕಟ್ಟಿದಳು. ಅಜ್ಜ ಬಂದ. ಇಬ್ಬರೂ ಅಡುಗೆಮನೆಯಲ್ಲಿ ಪಿಸುಗುಟ್ಟಿದರು.

"ಕುರುಗೋಡಿಗೆ ಒಯ್ದುಬಿಡೋಣು" ಎಂದಳು ಅಜ್ಜಿ.

"ಹಾದ್ಯಾಗ ಕಾವಲಿನ ನಾಕೇದಾರು ನಿಲ್ಲಿಸಿ ಮೈ ಮುಟ್ಟಿ ನೋಡ್ತಾರ. ಜ್ವರ ಇಳೀಲಿ."

"ಇಳೀಲಿಲ್ಲಂದ್ರ?"

ಅಜ್ಜ ಏನು ಹೇಳಿದನೋ ಕೇಳಿಸಲಿಲ್ಲ.

ಮರುದಿನ ಮಧ್ಯಾಹ್ನ ಓಣಿಯ ತುದಿಯಲ್ಲಿ ಬೂಟಿನ ಸದ್ದು, ಬಾಗಿಲು ಬಡಿಯುವ ಸದ್ದು. ಅಜ್ಜಿ ಆ ಮುಂಜಾನೆಯೇ ಪಡಸಾಲೆಗೆ ಸುಣ್ಣ ಹೊಡೆದಿದ್ದಳು. ಅಜ್ಜ ನನ್ನನ್ನು ಎತ್ತಿಕೊಂಡು ಹಲಗೆಯ ಮೇಲೆ ಓಡಿದ. ಉಡಿದಾರದ ಕೀಲಿ ತೆಗೆದು ಬೀರುವಿನ ಬಾಗಿಲು ತೆರೆದ. ಒಳಗೆ ಮಡಚಿದ ಸೀರೆಗಳನ್ನು ಅಜ್ಜಿ ಮೇಲಿನ ಹಲಗೆಗೆ ತಳ್ಳಿ ಜಾಗ ಮಾಡಿದಳು. ಕೂರಿಸಿದರು. ಅಜ್ಜಿ ನನ್ನ ಮುಖದ ಹತ್ತಿರ ಬಾಗಿ ಎರಡು ಮಾತು ಹೇಳಿದಳು.

"ಉಸರ ಬಿಡಬ್ಯಾಡ. ಎಲ್ಲೂ ಕೈ ಹಚ್ಚಬ್ಯಾಡ."

ಬಾಗಿಲು ಮುಚ್ಚಿತು. ಹತ್ತಿ ಹತ್ತಿಗೆ ಒತ್ತಿಕೊಂಡಿತು. ಕೀಲಿ ತಿರುಗಿತು. ಅಜ್ಜ ಅಭ್ಯಾಸದಂತೆ ಮೇಣದ ಗುಳಿಗೆಯನ್ನೂ ಕಿಂಡಿಗೆ ಒತ್ತಿದ.

ಇಲ್ಲಿಂದ ಮುಂದಿನದರಲ್ಲಿ ನಾನು ಕೇಳಿದ್ದೆಷ್ಟು, ಆಮೇಲೆ ದೊಡ್ಡವರ ಬಾಯಲ್ಲಿ ಕೇಳಿದ್ದೆಷ್ಟು, ಬೇರ್ಪಡಿಸಲು ಬರುವುದಿಲ್ಲ. ಹತ್ತಿಯ ಮೂಲಕ ಮಾತು ಬಾವಿಯೊಳಗಿನಿಂದ ಬಂದ ಹಾಗೆ ಬರುತ್ತಿತ್ತು. ಬಂದವರು ಕೋಟು ತೊಟ್ಟ ಒಬ್ಬ ಡಾಕ್ಟರ, ಇಬ್ಬರು ಪೋಲೀಸರು, ಹಾರೆ ಹಿಡಿದ ಕೂಲಿಯವರು, ಹೆಣ್ಣುಮಕ್ಕಳ ಮೈ ಮುಟ್ಟಿ ನೋಡುವ ಒಬ್ಬ ಹೆಂಗಸು. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದ್ದಕ್ಕೆ ಅಜ್ಜ, ನಾವಿಬ್ಬರೇ ಮುದುಕರು ಎಂದ.

"ಸುಣ್ಣ ಹಸೀ ಐತಲ್ಲ. ಯಾವಾಗ ಹೊಡದ್ರಿ?" ಡಾಕ್ಟರನ ದನಿ.

"ಮುಂಜಾನಿ, ಸಾಹೇಬ್ರ."

"ಹಬ್ಬ ಏನರ ಐತೇನು?"

"ಇಲ್ರಿ. ನಮ್ಮನಿಯಾಗ ಆಗಾಗ ಹೊಡೀತಾರ. ಗ್ವಾಡಿ ಮ್ಯಾಲ ಕೈಗುರ್ತು ಕಂಡ್ರ ನಮ್ಮಾಕಿಗೆ ಅನ್ನ ಸೇರೂದಿಲ್ಲ."

"ನೀವಿಬ್ರೇ ಮುದುಕರು ಅಂತೀರಿ. ಯಾರ ಕೈಗುರ್ತು?"

ಅಜ್ಜನ ಕಾಲ ಕೆಳಗಿನ ಹಲಗೆ ಕಿರುಗುಟ್ಟಿತು.

"ನಂದ" ಎಂದಳು ಅಜ್ಜಿ. "ಕಣ್ಣು ಕಾಣೂದಿಲ್ಲ. ಗ್ವಾಡಿ ಹಿಡಕೊಂಡು ನಡೀತೀನಿ."

"ಕಣ್ಣು ಕಾಣದಾಕಿ ಕೈಗುರ್ತು ಹೆಂಗ ನೋಡ್ತೀಯವ್ವ?" ಯಾರೋ ನಕ್ಕರು. "ಈ ಹಲಗಿ ಯಾಕ ಹಾಸೀರಿ?"

"ನೆಲ ಮಾಸಬಾರದಂತ."

"ನೆಲದ ಮ್ಯಾಲ ನಡದ್ರ ನೆಲ ಮಾಸ್ತೈತೇನು?"

"ಮಾಸ್ತೈತ್ರಿ" ಎಂದ ಅಜ್ಜ, ಪೂರಾ ನಂಬಿಕೆಯಿಂದ.

ಪೋಲೀಸನೊಬ್ಬ ತೆಲುಗಿನಲ್ಲಿ, ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದ. ನಿಜವಾಗಿ ನೋಡಿದರೆ ಅವರದೇನೂ ತಪ್ಪು ಹೇಳುವ ಹಾಗಿಲ್ಲ. ಹಬ್ಬವಿಲ್ಲದ ದಿನ ಹಸಿ ಸುಣ್ಣ, ಗಾರೆಯ ನೆಲದ ಮೇಲೆ ಹಲಗೆ, ಮೂಲೆಯಲ್ಲಿ ಹೊದಿಕೆ ಹೊದ್ದ ಎರಡು ಕುರ್ಚಿ. ಅಂಥ ಮನೆಯನ್ನು ಹೊಕ್ಕವರಿಗೆ ನೆಲದಡಿ ಹೆಣ ಅಲ್ಲದೆ ಇನ್ನೇನು ಹೊಳೆದೀತು?

ಅಷ್ಟರಲ್ಲಿ ಒಂದು ಜೊತೆ ಬೂಟು ನನ್ನ ಕಡೆಗೆ ಬಂತು. ಬೀರುವಿನ ಹಿಡಿ ಅಲುಗಿತು. ಕನ್ನಡಿಗೆ ಯಾರದೋ ಅಂಗೈ ಒತ್ತಿತು. ಅದು ನನ್ನ ಮುಖದ ಮುಂದೆಯೇ ಒತ್ತಿದ ಹಾಗಾಯಿತು.

"ಇದರ ಕೀಲಿ?"

ಆಗ ಅಜ್ಜಿ ಕೂಗಿದಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಆ ಹಲಗಿ ಎತ್ತಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ನನ್ನ ನೆಲ ಮುಟ್ಟಬ್ಯಾಡ್ರಿ."

ಧೊಪ್ ಎಂದು ಹಲಗೆಯ ಮೇಲೆ ಕೂತ ಸದ್ದು. ಬೂಟುಗಳು ನನ್ನನ್ನು ಬಿಟ್ಟು ಆ ಕಡೆ ಹೋದವು. ಏಳವ್ವ ಎಂದರು, ಎಳೆದರು, ಹಲಗೆ ಕಿತ್ತರು. ಹಾರೆ ಬಿತ್ತು. ಗಾರೆ ಒಡೆಯುವ ಸದ್ದು ಹಲ್ಲಿನಲ್ಲಿ ಕೇಳಿಸುತ್ತದೆ, ಕಿವಿಯಲ್ಲಲ್ಲ. ಪ್ರತಿ ಏಟಿಗೂ ಬೀರುವಿನ ಕಾಲಿನ ಬಟ್ಟಲುಗಳಲ್ಲಿ ನೀರು ತುಳುಕಿತು.

ಸಿರುಗುಪ್ಪದ ಅತ್ತೆ ಈ ಜಾಗಕ್ಕೆ ಬಂದಾಗ ತಲೆಯೆತ್ತಿ ಹೇಳುತ್ತಾಳೆ: ನನ್ನ ತಾಯಿ ಎಂಥ ಚತುರೆ, ನೆಲ ತೋರಿಸಿ ಕೂಸನ್ನು ಉಳಿಸಿದಳು. ಇರಬಹುದು. ಆದರೆ ಆ ಕೂಗನ್ನು ನಾನು ಕೇಳಿದ್ದೇನೆ. ಅದರಲ್ಲಿ ಉಪಾಯ ಇರಲಿಲ್ಲ, ಅಥವಾ ಇದ್ದರೆ ಅದಕ್ಕಿಂತ ದೊಡ್ಡದು ಇನ್ನೇನೋ ಇತ್ತು. ನೆಲಕ್ಕೆ ಹಾರೆ ಬೀಳುತ್ತದೆ ಎಂದು ತಿಳಿದ ಹೆಂಗಸಿನ ಕೂಗು ಅದು. ಅಜ್ಜಿ ಅವತ್ತು ಉಪಾಯ ಮಾಡಿದಳೋ, ಅಥವಾ ನೆಲಕ್ಕಾಗಿ ದಿನವೂ ಬೈಯುವವಳು ಅವತ್ತು ಕೂಗಿದಳೋ, ಎರಡರಲ್ಲೂ ನಾನು ಬದುಕಿದ್ದು ಒಂದೇ.

ಅಗೆದರು. ಮಣ್ಣು ಬಂತು, ಕಲ್ಲು ಬಂತು, ಬೇರೇನೂ ಇಲ್ಲ. ಡಾಕ್ಟರನಿಗೆ ಸಮಾಧಾನವಾಗಲಿಲ್ಲ, ಆದರೆ ಬೀರುವಿನ ಮಾತು ಆ ಗದ್ದಲದಲ್ಲಿ ಮರೆತುಹೋಗಿತ್ತು.

"ಚಾವಡಿಗೆ ನಡೀರಿ. ದೊರಿ ಮುಂದ ಬಂದು ಹೇಳ್ರಿ, ಸುಣ್ಣ ಯಾಕ ಹೊಡದ್ರಿ ಅಂತ."

ಅಜ್ಜನನ್ನು ಕರೆದುಕೊಂಡು ಹೊರಟರು. ಕೀಲಿ ಅವನ ಉಡಿದಾರದಲ್ಲಿ. ಅವರ ಮುಂದೆ ಅದನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರೆ ಬೀರು ತೆರೆಯಿರಿ ಎನ್ನುತ್ತಾರೆ. ಹೊಸ್ತಿಲಲ್ಲಿ ನಿಂತು ಅಜ್ಜ ಹೇಳಿದ್ದು ಇಷ್ಟು:

"ಬೀರು ನೋಡ್ಕೊ. ಕೈಗುರ್ತು ಬಿದ್ದಾವು."

ನನಗೆ ಅದು ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಮನೆ ನಿಶ್ಶಬ್ದವಾಯಿತು. ಒಳಗೆ ಅಗಸೆ ಎಣ್ಣೆಯ ವಾಸನೆ, ಕರ್ಪೂರದ ವಾಸನೆ, ನನ್ನ ಜ್ವರದ ಬಿಸಿ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಕಪ್ಪು. ಮೊದಮೊದಲು ಬೆವರು ಹರಿಯಿತು. ಬೆವರಿನ ಹನಿ ಮರದ ಮೇಲೆ ಬೀಳುತ್ತದಲ್ಲ ಎಂದು ಲಂಗದ ಅಂಚು ಕೆಳಗೆ ಹಾಸಿಕೊಂಡೆ. ಆಮೇಲೆ ಉಸಿರು ಎಳೆದರೆ ಒಳಗೆ ಬಂದದ್ದು ಸಾಲದೆಂದು ಮತ್ತೆ ಎಳೆಯುವಂತಾಯಿತು. ಬಿಸಿ ರಾಗಿ ಅಂಬಲಿ ಮೂಗಿನಿಂದ ಎಳೆದ ಹಾಗೆ. ತಲೆಯೊಳಗೆ ಜೀರುಂಡೆ ಕೂಗತೊಡಗಿತು. ನಾನು ಬಾಗಿಲು ಬಡಿಯಲಿಲ್ಲ. ನನ್ನ ಕೈ ಕಂಕುಳಲ್ಲಿತ್ತು. ಬಡಿಯಬಹುದು ಎಂಬ ಯೋಚನೆ ಬಂದು ನಾನು ತಡೆದುಕೊಂಡದ್ದಲ್ಲ. ಯೋಚನೆಯೇ ಬರಲಿಲ್ಲ. ಆ ಮರಕ್ಕೆ ಕೈ ಹಚ್ಚುವುದು ಎಂಬುದು ನನಗೆ ಗೊತ್ತಿದ್ದ ಲೋಕದಲ್ಲಿ ಇರಲಿಲ್ಲ.

ಆಗ ಕೇಳಿಸಿತು. ಕನ್ನಡಿಯ ಆ ಬದಿ ಬಟ್ಟೆಯ ಸದ್ದು. ಕೀಂ, ಕೀಂ ಎಂದು ಒದ್ದೆ ಬಟ್ಟೆ ಗಾಜಿನ ಮೇಲೆ ಜಾರುವ ಸದ್ದು. ಮೇಲಿನಿಂದ ಕೆಳಗೆ, ಆಮೇಲೆ ಸುತ್ತುಸುತ್ತಾಗಿ, ಅಜ್ಜಿ ಒರೆಸುವ ಹಾಗೆಯೇ. ಅಜ್ಜಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ನಿಂತು ಪೋಲೀಸನ ಕೈಗುರುತು ಒರೆಸುತ್ತಿದ್ದಳು.

ಎಷ್ಟು ಹೊತ್ತು? ಇದನ್ನೇ ತಿಳಿಯಲು ನಾನು ಇಷ್ಟೆಲ್ಲ ಬರೆದಿರಬೇಕು. ನನ್ನ ನೆನಪಿನಲ್ಲಿ ಅದು ಮುಗಿಯುವುದೇ ಇಲ್ಲ. ಜ್ವರದ ಮಗುವಿನ ನೆನಪು, ಅದ್ಯಾವ ಲೆಕ್ಕ. ಬಟ್ಟೆಯ ಸದ್ದು ದೂರವಾಗುತ್ತ ಹೋಯಿತು. ದೂರ ಹೋದದ್ದು ಬಟ್ಟೆಯಲ್ಲ, ನಾನು ಎಂದು ಈಗ ಅನ್ನಿಸುತ್ತದೆ.

ಕೊನೆಗೆ ಕನ್ನಡಿ ಒಡೆಯಿತು. ಒಳಕಲ್ಲಿನ ಗುಂಡು ತಂದು ಅಜ್ಜಿ ಎತ್ತಿ ಹಾಕಿದಳು. ಗಾಜು, ಅದರ ಹಿಂದಿನ ತೆಳು ಹಲಗೆ ಎರಡೂ ಸೀಳಿದವು. ಬೆಳಕು ಬಂತು, ಗಾಳಿ ಬಂತು, ಅದರ ಜೊತೆ ಅಗೆದ ಮಣ್ಣಿನ ಧೂಳು. ಅವಳ ಕೈ ಒಳಗೆ ಬಂದು ನನ್ನ ಕೂದಲು ಸಿಕ್ಕಿತು, ಕೂದಲು ಹಿಡಿದೇ ಎಳೆದಳು. ನನ್ನ ಹಣೆಯಲ್ಲಿ ಗಾಜು ಕೊರೆದ ಗೆರೆ ಇನ್ನೂ ಇದೆ. ಅವಳು ನನ್ನನ್ನು ಮಣ್ಣಿನ ರಾಶಿಯ ಮೇಲೆ ಮಲಗಿಸಿ ಮುಖಕ್ಕೆ ನೀರು ಹೊಡೆದಳು. ಬೆನ್ನಿಗೆ ಗುದ್ದಿದಳು. ಬೈಯುತ್ತಿದ್ದಳು, ಏನು ಬೈದಳೋ.

ಸಂಜೆ ಅಜ್ಜ ಬಂದ. ಚಾವಡಿಯಲ್ಲಿ ಬೈದು ಬಿಟ್ಟಿದ್ದರು. ಬಾಗಿಲಲ್ಲಿ ನಿಂತು ಮೊದಲು ಏನೆಂದ? "ಕನ್ನಡಿ ಯಾಕ ಒಡದಿ" ಎಂದನೆಂದು ನನಗೆ ನೆನಪು. "ಹುಡುಗಿ ಎಲ್ಲೈತಿ" ಎಂದನೆಂದೂ ನೆನಪು. ಒಬ್ಬ ಮನುಷ್ಯ ಒಂದೇ ಬಾಯಲ್ಲಿ ಎರಡನ್ನೂ ಮೊದಲು ಹೇಳಲಾರ. ಕುರುಗೋಡಿನ ಅಪ್ಪನ ಕಥೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದರಲ್ಲಿ ಅಜ್ಜ ಅರ್ಧ ದಾರಿಯಲ್ಲಿ ಪೋಲೀಸರ ಕೈ ಕೊಸರಿಕೊಂಡು ಓಡಿ ಬಂದು ಕೀಲಿ ತೆಗೆಯುತ್ತಾನೆ, ಕನ್ನಡಿ ಒಡೆಯುವುದೇ ಇಲ್ಲ. ನನ್ನ ಹಣೆಯ ಗೆರೆ ಹೇಗೆ ಬಂತೆಂದು ಕೇಳಿದರೆ, ಚಿಕ್ಕಂದಿನಲ್ಲಿ ಎಲ್ಲೋ ಬಿದ್ದಿದ್ದಿ ಎನ್ನುತ್ತಿದ್ದ.

ಮರುದಿನ ಹುಲ್ಲಿನ ಬಂಡಿಯಲ್ಲಿ ನನ್ನನ್ನು ಅಡಗಿಸಿ ಕುರುಗೋಡಿಗೆ ಒಯ್ದರು. ಹುಲ್ಲು ಕಂಡು ಯಾರೂ ತಡೆಯಲಿಲ್ಲ. ಊರವರು ಒಳಗೆ ಬಿಡಲು ಹೆದರಿದರು. ಹೊಲದ ಗುಡಿಸಲಲ್ಲಿ ನನ್ನನ್ನೂ ಅಜ್ಜಿಯನ್ನೂ ಇರಿಸಿದರು. ಊಟ ತಂದವರು ದೂರದಲ್ಲಿ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ಬದುವಿನ ಆಚೆ ನಿಂತು ಅಪ್ಪ ಕೂಗಿ ಕೇಳುತ್ತಿದ್ದ, "ಜೀವ ಐತೇನು?" ಅಜ್ಜಿ, "ಐತಿ" ಎನ್ನುತ್ತಿದ್ದಳು. ನಾನು ಮಲಗಿ ಅದನ್ನು ಕೇಳುತ್ತಿದ್ದೆ, ಒಂದು ದಿನ ಅವಳು ಬೇರೆ ಉತ್ತರ ಕೊಟ್ಟರೆ ಹೇಗಿರುತ್ತದೆ ಎಂದು. ಆಮೇಲೆ ಹುಣ್ಣು ಕೊಯ್ಯಲೂ ಬಲ್ಲ ಕ್ಷೌರದ ನಾವಿದ ಬಂದ. ಅವನೊಬ್ಬ ಬಾಗಿಲು ದಾಟಿ ಒಳಗೆ ಬಂದ. ಅಂಗಾಲು ಕೊಯ್ದ, ಕೀವಿನೊಡನೆ ಸಿಬಿರು ಹೊರಗೆ ಬಿತ್ತು. ಗಡ್ಡೆ ಕರಗಿತು. ಆ ಬೇನೆ ನನಗೆ ಬಂದೇ ಇರಲಿಲ್ಲ. ಚಪ್ಪರಕ್ಕೆ ಒಯ್ದಿದ್ದರೆ ಅಲ್ಲಿ ಬರುತ್ತಿತ್ತು.

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಸಿರುಗುಪ್ಪದಲ್ಲಿ ಮಗಳ ಮನೆ ಸೇರಿದಳು. ನಾನು ಮದುವೆಯಾಗಿ, ಎರಡು ಮಕ್ಕಳ ತಾಯಿಯಾಗಿ, ಅವಳನ್ನು ನೋಡಲು ಹೋಗಿದ್ದೆ. ಜಗಲಿಯ ಮೇಲೆ ಇಬ್ಬರೇ ಇದ್ದೆವು. ಹೊಳೆಯ ಕಡೆಯಿಂದ ಭತ್ತದ ಗದ್ದೆಯ ಗಾಳಿ ಬರುತ್ತಿತ್ತು. ಕೇಳಿಬಿಟ್ಟೆ.

"ಅವತ್ತು ಎಷ್ಟೊತ್ತು ಒರಸಿದಿ, ಅಜ್ಜಿ?"

ಯಾವತ್ತು ಎಂದು ಅವಳು ಕೇಳಲಿಲ್ಲ.

"ಯಾರಿಗ್ಗೊತ್ತು. ಬಾಜೂ ಮನ್ಯಾಗ ಪೋಲೀಸರು ಇದ್ರು, ಒಡದ್ರ ಕೇಳ್ತಿತ್ತು, ಅದಕ್ಕ ತಡದ್ಲು ಅಂತ ನಿಮ್ಮತ್ತಿ ಹೇಳ್ತಾಳ. ಪಾಪ, ನನ್ನ ಮಗಳು. ನನಗ ಹಂಗೇನೂ ನೆನಪಿಲ್ಲ. ಅವರು ಹೋದ್ರು. ಕನ್ನಡಿ ಮ್ಯಾಲ ಕೈ ಕಂಡ್ತು. ಒರಸಾಕ ಹತ್ತಿದೆ."

"ನಾ ಒಳಗ ಇದ್ದದ್ದು ಮರತಿದ್ದೇನು?"

"ಮರತಿದ್ದಿಲ್ಲ. ಕೈ ನಿಲ್ಲಲಿಲ್ಲ" ಎಂದಳು.

"ಮತ್ತ ಹೆಂಗ ಒಡದಿ?"

"ಸಪ್ಪಳ ಇರಲಿಲ್ಲ. ಕೂಸು ಅಂದಮ್ಯಾಲ ಒದೀಬೇಕು, ಬಡೀಬೇಕು, ಅಳಬೇಕು. ಬಡದಿದ್ರ ಆಗಲೇ ಒಡೀತಿದ್ದೆ. ಬಡೀತಾಳ ಬಡೀತಾಳ ಅಂತ ಕಿವಿ ಅಲ್ಲೇ ಇಟ್ಟಿದ್ದೆ. ನೀ ಯಾಕ ಬಡೀಲಿಲ್ಲ?"

"ಎಲ್ಲೂ ಕೈ ಹಚ್ಚಬ್ಯಾಡ ಅಂದಿದ್ದಿ."

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಿಗೆ ಆಗ ಪೊರೆ ಬಂದಿತ್ತು. ನಾನು ಅವಳಿಗೆ ಎಷ್ಟು ಕಾಣುತ್ತಿದ್ದೆನೋ.

"ಸಾಯಾಕ ಹತ್ತಿದ್ರೂ?"

"ಹೂಂ."

"ಅಷ್ಟು ಅಂಜಿಕಿ ಇತ್ತೇನ ನಿನಗ, ನಂದು?"

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಹಲ್ಲಿಲ್ಲದ ಬಾಯಿ ಸ್ವಲ್ಪ ತೆರೆದಿತ್ತು.

"ಇಲ್ಲ ಅಜ್ಜಿ. ಬ್ಯಾನಿಗೆ ಅಂಜಿದ್ದೆ" ಎಂದೆ.

ಅವಳು ತಲೆ ಆಡಿಸಿದಳು. ನಂಬಿದಳೆಂದು ಹೇಳಲಾರೆ. ಬಿಸಿಲು ಜಗಲಿಗೆ ಬರುತ್ತಿದೆ ಎಂದು ಹೇಳಿ, ಕೈ ಕೊಡು ಎನ್ನದೆ ತಾನೇ ಎದ್ದು, ಒಳಗೆ ಹೋಗಿ ಮಲಗಿಕೊಂಡಳು.